ಸವಕಳಿಯಿಲ್ಲದ ಆಯುಧ

ನಮ್ಮ ಸಮಾಜದಲ್ಲಿ ಅಹಿಂಸೆಯ ಚರ್ಚೆಯು ಬಹುಮಟ್ಟಿಗೆ ಅಡುಗೆಮನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಕ್ತಾಯಗೊಳ್ಳುತ್ತದೆ. ಕಂದಮೂಲ, ರಾತ್ರಿಭೋಜನ, ನೀರು ಸೋಸುವ ಬಟ್ಟೆ, ಇವುಗಳ ವಿಷಯದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶ್ರಾವಕ ಕುಟುಂಬಗಳು ತೋರುವ ಜಾಗರೂಕತೆ ಶ್ಲಾಘ್ಯವೇ ಸರಿ. ಆದರೆ ದೇಶದ ಗಡಿಯಲ್ಲಿ ನಮ್ಮ ಹೆಸರಿನಲ್ಲಿ, ನಮ್ಮ ಕಂದಾಯದ ಹಣದಿಂದ ಹಿಡಿಯಲಾಗುವ ಆಯುಧದ ಮಾತು ಬಂದೊಡನೆ, ‘ಅದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಕೈತೊಳೆದುಕೊಳ್ಳುತ್ತೇವೆ. ಈ ಕೈತೊಳೆಯುವಿಕೆ ಅಹಿಂಸೆಯಲ್ಲ, ಪ್ರಮಾದ ಎಂಬುದೇ ಈ ಲೇಖನದ ವಾದ. ಇದಕ್ಕೆ ನಿದರ್ಶನವಾಗಿ ಒಂದೇ ಒಂದು ಆಯುಧದ ಚರಿತ್ರೆಯನ್ನು ವಾಚಕರ ಮುಂದಿಡುತ್ತೇನೆ. ಅದು ಬ್ರೆನ್ ಎಂಬ ಲಘು ಮಷಿನ್‌ಗನ್.

1920ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಬ್ರನೋ ನಗರದ ಕಾರ್ಖಾನೆಯಲ್ಲಿ ಇದರ ಮೂಲರೂಪ ಸಿದ್ಧವಾಯಿತು. ಬ್ರಿಟಿಷರು ಅದನ್ನು ಪರೀಕ್ಷಿಸಿ, ತಮ್ಮ .303 ಗುಂಡಿಗೆ ಹೊಂದಿಸಿಕೊಂಡು, 1937ರಿಂದ ಎನ್‌ಫೀಲ್ಡ್‌ನಲ್ಲಿ ತಯಾರಿಸತೊಡಗಿದರು. ಬ್ರನೋ ಮತ್ತು ಎನ್‌ಫೀಲ್ಡ್ ಎಂಬೆರಡು ಊರುಗಳ ಮೊದಲಕ್ಷರಗಳು ಕೂಡಿ ಬ್ರೆನ್ ಎಂಬ ಹೆಸರಾಯಿತು. ತೂಕ ಸುಮಾರು 10 ಕಿಲೋಗ್ರಾಂ. ಮೇಲ್ಭಾಗದಲ್ಲಿ 30 ಗುಂಡುಗಳ ಬಾಗಿದ ಮ್ಯಾಗಜಿನ್. ನಿಮಿಷಕ್ಕೆ ಸುಮಾರು 500 ಗುಂಡುಗಳ ವೇಗ. ಎಂದರೆ ಎಡೆಬಿಡದೆ ಹಾರಿಸಿದರೆ ನಾಲ್ಕು ಸೆಕೆಂಡುಗಳೊಳಗೆ ಒಂದು ಮ್ಯಾಗಜಿನ್ ಬರಿದಾಗುತ್ತದೆ. ಆದುದರಿಂದಲೇ ಇದನ್ನು ಹಾರಿಸುವವನ ಪಕ್ಕದಲ್ಲಿ ಮ್ಯಾಗಜಿನ್ ಒದಗಿಸಲು, ಕಾದ ನಳಿಗೆಯನ್ನು ಬದಲಿಸಲು ಮತ್ತೊಬ್ಬನಿರಬೇಕು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮ್‌ನಲ್ಲಿ ಮೇಜರ್ ಸೋಮನಾಥ ಶರ್ಮಾ ಅವರು ಎಡಗೈಗೆ ಪ್ಲಾಸ್ಟರ್ ಕಟ್ಟಿಕೊಂಡೇ ಲಘು ಮಷಿನ್‌ಗನ್‌ಗಳಿಗೆ ಮ್ಯಾಗಜಿನ್ ತುಂಬಿಸಿ ಕೊಡುತ್ತಿದ್ದರು. ಆ ಕಾರ್ಯದಲ್ಲಿರುವಾಗಲೇ ಶೆಲ್ ದಾಳಿಗೆ ಸಿಲುಕಿ ಮಡಿದರು. ಸ್ವತಂತ್ರ ಭಾರತದ ಪ್ರಥಮ ಪರಮವೀರ ಚಕ್ರ ಅವರಿಗೆ ಸಂದಿತು.

ಆ ಯುದ್ಧದ ಇನ್ನೊಂದು ಮುಖವನ್ನೂ ಗಮನಿಸಬೇಕು. ಭಾರತ ಮತ್ತು ಪಾಕಿಸ್ತಾನಗಳ ಸೇನೆಗಳು ಒಂದೇ ಸೇನೆಯಿಂದ ಒಡೆದವುಗಳು. ಆದುದರಿಂದ 1947–48ರಲ್ಲಿಯೂ 1965ರಲ್ಲಿಯೂ ಎರಡೂ ಪಕ್ಷಗಳ ಕೈಯಲ್ಲಿ ಬ್ರೆನ್ ಇತ್ತು. ಒಂದೇ ಉಗ್ರಾಣದಿಂದ ಹೊರಟ ಆಯುಧಗಳು ಪರಸ್ಪರ ಎದುರಾದವು. ಆಯುಧಕ್ಕೆ ಸ್ವಪಕ್ಷ, ಪರಪಕ್ಷ ಎಂಬುದಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? 1962ರಲ್ಲಿ ಹಿಮಾಲಯದಲ್ಲಿ ನಮ್ಮ ಪದಾತಿದಳ ಹಿಡಿದು ನಿಂತದ್ದು .303 ರೈಫಲ್ ಮತ್ತು ಇದೇ ಬ್ರೆನ್. ಆ ಸೋಲಿನ ತರುವಾಯ ರೈಫಲ್ ಬದಲಾಯಿತು; ಬ್ರೆನ್ ಹೋಗಲಿಲ್ಲ. ಅದರ ಗುಂಡಿನ ಅಳತೆಯನ್ನು 7.62 ಮಿಲಿಮೀಟರಿಗೆ ಬದಲಿಸಿ, ‘1ಬಿ’ ಎಂಬ ಹೆಸರಿನಲ್ಲಿ ಕಾನ್ಪುರದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಲಾಯಿತು. ಬ್ರಿಟಿಷರು ಕೂಡ ತಮ್ಮ 7.62ರ ಬ್ರೆನ್‌ಗಳನ್ನು 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೂ 1991ರ ಕೊಲ್ಲಿ ಯುದ್ಧಕ್ಕೂ ಒಯ್ದರು. ನಮ್ಮಲ್ಲಿ ರಕ್ಷಣಾ ಸಚಿವಾಲಯವು 16,479 ಹೊಸ ಲಘು ಮಷಿನ್‌ಗನ್‌ಗಳಿಗಾಗಿ ಇಸ್ರೇಲಿನ ಕಂಪನಿಯೊಡನೆ 880 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿದ್ದು 2020ರ ಮಾರ್ಚ್‌ನಲ್ಲಿ. ಭಾಗಿಸಿ ನೋಡಿದರೆ ಒಂದಕ್ಕೆ ಸುಮಾರು 5 ಲಕ್ಷ 34 ಸಾವಿರ ರೂಪಾಯಿ.

ವ್ಯಾಪಾರಿಯಾದವನಿಗೆ ಸವಕಳಿಯ ಲೆಕ್ಕ ಹೊಸತಲ್ಲ. ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 15ರಂತೆ ಸವಕಳಿ ಬರೆಯುತ್ತ ಹೋದರೆ, 80 ವರ್ಷಗಳ ಬಳಿಕ ಪುಸ್ತಕದಲ್ಲಿ ಉಳಿಯುವುದು ನಾಲ್ಕಾಣೆಯೂ ಅಲ್ಲ. ಅಕ್ಕಿಯ ಗಿರಣಿಯಾದರೆ ಅಷ್ಟರೊಳಗೆ ತುಕ್ಕು ಹಿಡಿದು ಗುಜರಿಗೆ ಸೇರಿರುತ್ತದೆ. ಆದರೆ ಎಣ್ಣೆ ಹಚ್ಚಿ ಜೋಪಾನವಾಗಿರಿಸಿದ ಮಷಿನ್‌ಗನ್ ಮೊದಲ ದಿನ ಕೊಲ್ಲುವಷ್ಟೇ ಸಮರ್ಥವಾಗಿ ಎಂಬತ್ತನೆಯ ವರ್ಷದಲ್ಲಿಯೂ ಕೊಲ್ಲುತ್ತದೆ. ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಾದುದು ಜೀವಹಾನಿಯ ಪುಸ್ತಕದಲ್ಲಿ ಸೊನ್ನೆಯಾಗುವುದಿಲ್ಲ. ಉಕ್ರೇನಿನಲ್ಲಿ 2022ರ ಬಳಿಕ ನಡೆದ ಯುದ್ಧದಲ್ಲಿ 1910ರ ಮಾದರಿಯ ಮ್ಯಾಕ್ಸಿಂ ಮಷಿನ್‌ಗನ್‌ಗಳು ಉಗ್ರಾಣದಿಂದ ಮತ್ತೆ ಹೊರಬಂದು ಗುಂಡು ಹಾರಿಸಿದವು. ಅವುಗಳನ್ನು ರೂಪಿಸಿದವರೂ ಮೊದಲು ಹಿಡಿದವರೂ ಕಾಲವಾಗಿ ಎಷ್ಟೋ ದಶಕಗಳಾಗಿದ್ದವು.

ಇದು ದೂರದ ಮಾತೆಂದು ಯಾರೂ ಭಾವಿಸಬಾರದು. 2025ರ ಜನವರಿಯಲ್ಲಿ ನಕ್ಸಲರು ಶರಣಾದ ಬಳಿಕ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ದೊರೆತ ಆಯುಧಗಳಲ್ಲಿ .303 ರೈಫಲ್‌ಗಳೂ ಇದ್ದವು. ಆ ಗುಂಡಿನ ಅಳತೆ ಹುಟ್ಟಿದ್ದು 19ನೆಯ ಶತಮಾನದ ಕೊನೆಯಲ್ಲಿ, ರಾಣಿ ವಿಕ್ಟೋರಿಯಾ ಆಳುತ್ತಿದ್ದಾಗ. ಸಾಮ್ರಾಜ್ಯ ಅಳಿಯಿತು, ಆಯುಧ ಮಾತ್ರ ಕೈಯಿಂದ ಕೈಗೆ ಸಾಗಿ ನಮ್ಮ ಘಟ್ಟದ ಕಾಡನ್ನು ಸೇರಿತು. ಅಮಾಸೆಬೈಲು, ಹೆಬ್ರಿಗಳ ಕಡೆಯ ಜನರು ಎರಡು ದಶಕ ಅನುಭವಿಸಿದ ಭಯದಲ್ಲಿ ಇಂತಹ ಹಳೆಯ ಬಂದೂಕುಗಳ ಪಾಲೂ ಇತ್ತು.

ಇಷ್ಟಾದರೂ ಮೂರು ಬಗೆಯ ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು ಅಭಿಮಾನಿಗಳದು: ‘ಬ್ರೆನ್ ಬಹಳ ಗಟ್ಟಿ, ಗುರಿ ನಿಖರ, ಕೈಕೊಡುವುದಿಲ್ಲ, ಹಳೆಯದಾದರೇನು?’ ಗುಣಗಳೆಲ್ಲ ನಿಜ. ಆದರೆ ಎದುರಾಳಿಯು ನೂರಾರು ಗುಂಡುಗಳ ಪಟ್ಟಿಯಿಂದ ಹಾರಿಸುವಾಗ 30 ಗುಂಡುಗಳಿಗೊಮ್ಮೆ ಮ್ಯಾಗಜಿನ್ ಬದಲಿಸುತ್ತ ಮಲಗಿರುವವನು ಆ ಗುಣಕಥನ ಮಾಡುವವನಲ್ಲ; ಯಾವುದೋ ಬಡ ರೈತನ ಮಗ. ಹಳೆಯ ಆಯುಧದ ದೀರ್ಘಾಯುಷ್ಯವನ್ನು ಕೊಂಡಾಡುವವರು ಅದನ್ನು ಹಿಡಿದವನ ಅಲ್ಪಾಯುಷ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ನಮ್ಮವರದೇ ಆಕ್ಷೇಪಣೆ: ‘ಅಹಿಂಸಾವ್ರತಿಗಳಿಗೆ ಆಯುಧದ ಗೊಡವೆ ಏಕೆ?’ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುತ್ತಾನೆ; ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಯಥಾಶಕ್ತಿ ಕಡಿಮೆ ಮಾಡುತ್ತಾನೆ. ಆತ್ಮರಕ್ಷಣೆ ಮತ್ತು ದೇಶರಕ್ಷಣೆಗಳು ಈ ವಿರೋಧೀ ಹಿಂಸೆಯ ವರ್ಗಕ್ಕೆ ಸೇರುತ್ತವೆ. 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನೇ ಆಗಿದ್ದನು. ಆದುದರಿಂದ ನಮಗೆ ಸೈನಿಕನ ರಕ್ಷಣೆ ಬೇಕು, ಅವನ ಕೈಯಲ್ಲಿರುವ ಆಯುಧದ ಯೋಗಕ್ಷೇಮ ಬೇಡ ಎಂಬುದು ಸಲ್ಲದು. ಹಿಂಸೆಯ ಮೂಲವನ್ನು ನಮ್ಮ ಆಚಾರ್ಯರು ಪ್ರಮಾದದಲ್ಲಿ ಗುರುತಿಸಿದ್ದಾರೆ. ಸವೆದ ಆಯುಧ ಕೊಟ್ಟು ಯುವಕನನ್ನು ಗಡಿಗೆ ಕಳುಹಿಸಿ ಮೌನವಾಗಿರುವುದು ಪ್ರಮಾದವಲ್ಲದೆ ಮತ್ತೇನು?

ಮೂರನೆಯ ಆಕ್ಷೇಪಣೆ ಸೂಕ್ಷ್ಮವಾದುದು: ‘ಹೊಸ ಆಯುಧ ಕೊಳ್ಳುವುದು ಹೊಸ ಹಿಂಸೆಯಲ್ಲವೆ? ಹಳೆಯದೇ ಮುಂದುವರಿಯಲಿ.’ ಹೊಸತು ಬಂದಾಗ ಹಳೆಯದು ನಾಶವಾಗುವುದೆಂಬ ಭರವಸೆಯಿದ್ದರೆ ಈ ಮಾತನ್ನು ಚರ್ಚಿಸಬಹುದಿತ್ತು. ಆದರೆ ಹಳೆಯದು ಸಾಯುವುದೇ ಇಲ್ಲ. ಒಂದು ದಳದಿಂದ ಇನ್ನೊಂದು ದಳಕ್ಕೆ, ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಇಳಿಯುತ್ತದೆ. ಸೇನೆಯು 1960ರ ದಶಕದಲ್ಲಿ ಬಿಡತೊಡಗಿದ .303 ರೈಫಲಿಗೆ ಉತ್ತರಪ್ರದೇಶದ ಪೊಲೀಸರು ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ತತ್ತ್ವಾರ್ಥಸೂತ್ರವು ಅಜೀವಾಧಿಕರಣವನ್ನು ಹೇಳುವಾಗ ವಸ್ತುವಿನ ನಿರ್ಮಾಣವನ್ನೂ ಅದನ್ನು ಇರಿಸುವ ಬಗೆಯನ್ನೂ ಕರ್ಮಾಸ್ರವದ ಆಧಾರಗಳೆಂದು ಎಣಿಸಿದೆ. ಮಾಡಿದವನ ಹೊಣೆ ಮಾಡಿದಲ್ಲಿಗೆ ಮುಗಿಯುವುದಿಲ್ಲ, ಇರಿಸಿದವನಿಗೂ ಪಾಲಿದೆ. ಸಮಂತಭದ್ರಾಚಾರ್ಯರು ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ನಿವೃತ್ತವಾದ ಬಂದೂಕನ್ನು ಮಾರುವುದು, ದಾನ ಮಾಡುವುದು, ಉಗ್ರಾಣದಲ್ಲಿ ಮರೆತುಬಿಡುವುದು, ಮೂರೂ ಇದರ ರೂಪಾಂತರಗಳೇ. ಸೈನಿಕನಿಗೆ ಯೋಗ್ಯವಾದುದನ್ನು ಕೊಡಿರಿ, ಹಳೆಯದನ್ನು ಕರಗಿಸಿರಿ. ಇವೆರಡೂ ಒಂದೇ ಬೇಡಿಕೆಯ ಎರಡು ಭಾಗಗಳು.

ಈಗ ನಮ್ಮ ಹಣದ ಪೆಟ್ಟಿಗೆಯ ಕಡೆಗೆ ತಿರುಗೋಣ. ಇತ್ತೀಚಿನ ವರ್ಷಗಳಲ್ಲಿ ಆಯುಧ ತಯಾರಿಸುವ ಕಂಪನಿಗಳ ಷೇರುಗಳು ಬಹಳ ಏರಿದವು. ರಕ್ಷಣಾ ವಲಯಕ್ಕೆಂದೇ ಮ್ಯೂಚುವಲ್ ಫಂಡುಗಳು ಬಂದವು. ಬೆಳ್ಳುಳ್ಳಿ ಮುಟ್ಟದ ಮನೆಗಳಲ್ಲಿಯೂ ಅವುಗಳ ಲಾಭದ ಮಾತು ನಡೆಯುತ್ತದೆ. ಕಂದಾಯ ಕೊಡುವುದೂ ಷೇರು ಕೊಳ್ಳುವುದೂ ಒಂದೇ ಎನ್ನುವವರಿದ್ದಾರೆ. ಒಂದೇ ಅಲ್ಲ. ಕಂದಾಯ ಕೊಡುವವನು ಆಯುಧದ ಅಗತ್ಯ ಕಡಿಮೆಯಾಗಲೆಂದು ಹಾರೈಸಬಲ್ಲನು. ಲಾಭಾಂಶ ಕಾಯುವವನು ಅಗತ್ಯ ಹೆಚ್ಚಲೆಂದು ಹಾರೈಸದೆ ಇರಲಾರನು. ಭಾವವೇ ಬಂಧಕ್ಕೆ ಕಾರಣವೆಂದು ಬಲ್ಲ ನಮಗೆ ಈ ಭೇದವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಶ್ರಾವಕಾಚಾರದಲ್ಲಿ ವಿಷವಾಣಿಜ್ಯವೆಂದು ನಿಷೇಧಿಸಿದ ವ್ಯಾಪಾರದಲ್ಲಿ ಆಯುಧವೂ ಸೇರಿದೆ.

ಆದುದರಿಂದ ನಮ್ಮ ಮೂರು ತಾಲ್ಲೂಕುಗಳ ಬಸದಿಗಳ ಆಡಳಿತ ಮಂಡಳಿಗಳಲ್ಲಿ ವಿನಂತಿ ಇಷ್ಟೆ. ಬಾರಕೂರಿನ ಕತ್ತಲೆ ಬಸದಿಯ ಕಲ್ಲುಗಳು ಎಷ್ಟೋ ರಾಜ್ಯಗಳ ಆಯುಧಗಳು ಬಂದು ಹೋದುದನ್ನು ಕಂಡಿವೆ. ಆ ನೆಲದಲ್ಲಿ ನಿಂತು ಇದನ್ನು ಚರ್ಚಿಸುವುದು ಅಸಂಗತವಲ್ಲ. ಪರ್ಯೂಷಣದ ಒಂದು ಸ್ವಾಧ್ಯಾಯವನ್ನು ಹಿಂಸಾದಾನದ ವಿಷಯಕ್ಕೆ ಮೀಸಲಿಡಿರಿ. ನಿವೃತ್ತ ಆಯುಧಗಳನ್ನು ಮಾರದೆ ನಾಶಗೊಳಿಸಬೇಕೆಂದು ಸರ್ಕಾರಕ್ಕೆ ಒಂದು ಮನವಿಯನ್ನು ಎಲ್ಲ ಟ್ರಸ್ಟುಗಳೂ ಸೇರಿ ಸಲ್ಲಿಸಿರಿ. ಊರಿನ ಮಾಜಿ ಸೈನಿಕರನ್ನು ಸಭೆಗೆ ಕರೆದು ಶಾಲು ಹೊದಿಸಿ ಕಳುಹಿಸುವ ಬದಲು, ಅವರಿಗೆ ಕೊಟ್ಟಿದ್ದ ಆಯುಧ ಎಂತಹುದಿತ್ತೆಂದು ಕೇಳಿರಿ, ಅವರು ಹೇಳುವುದನ್ನು ಕುಳಿತು ಆಲಿಸಿರಿ. ಭರತ ಮತ್ತು ಬಾಹುಬಲಿಯರ ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದ್ದು ಎರಡು ಸೇನೆಗಳ ಸಾಮಾನ್ಯ ಯೋಧರು ಸಾಯಬಾರದೆಂದು. ಆ ಮಂತ್ರಿಗಳು ‘ನಮಗೇನು’ ಎನ್ನಲಿಲ್ಲ. ಗೊಮ್ಮಟನ ಪಾದಕ್ಕೆ ಅಭಿಷೇಕ ಮಾಡುವ ನಾವು ಹಾಗೆನ್ನಲು ಅರ್ಹರಲ್ಲ.