ಗಿಡ್ಡಾದ ವೈರು

ಮೊಮ್ಮಗ ಇಂಜಿನಿಯರಿಂಗ್ ಓದುತ್ತಾನೆ. ಮೊನ್ನೆ ರಜೆಗೆ ಬಂದವನು ಗಣಕಯಂತ್ರದ ಪರದೆಯ ಮೇಲೆ ಒಂದು ನೀರಿನ ಪಂಪನ್ನು ತಿರುಗಿಸಿ ತೋರಿಸಿದ. ಮೇಲಿನಿಂದ, ಕೆಳಗಿನಿಂದ, ನಡುವೆ ಸೀಳಿ, ಹೇಗೆ ಬೇಕಾದರೂ ನೋಡಬಹುದು. ಒಂದು ಭಾಗ ಇನ್ನೊಂದಕ್ಕೆ ಅಡ್ಡ ಬರುವಂತಿದ್ದರೆ ಕಬ್ಬಿಣ ಕತ್ತರಿಸುವ ಮೊದಲೇ ಗೊತ್ತಾಗುತ್ತದಂತೆ. “ಇನ್ನು ತಪ್ಪೇ ಆಗೋದಿಲ್ಲ ಅಜ್ಜಾ” ಎಂದ. ನಾಲ್ವತ್ತು ವರ್ಷ ವೈರು ಮಾರಿದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಕೇಳಿ, ಓದಿ ತಿಳಿದದ್ದನ್ನು ವಾಚಕ ಬಂಧುಗಳ ಮುಂದಿಡುತ್ತೇನೆ.

ಹಿಂದೆ ವಿಮಾನ ಕಟ್ಟುವವರು ಕಾಗದದ ಮೇಲೆ ನಕಾಶೆ ಬರೆದು, ಭಾಗಗಳು ಕೂಡುತ್ತವೆಯೋ ಇಲ್ಲವೋ ನೋಡಲು ಪೂರ್ಣ ಅಳತೆಯ ಮಾದರಿಯನ್ನೇ ಮಾಡುತ್ತಿದ್ದರು. 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ಪೂರ್ತಿಯಾಗಿ ಗಣಕಯಂತ್ರದಲ್ಲೇ ರೂಪುಗೊಂಡಿತು. ಬಳಸಿದ್ದು ಫ್ರಾನ್ಸಿನ ಕಟಿಯಾ ಎಂಬ ತಂತ್ರಾಂಶ. ಭಾಗಗಳು ಚೆನ್ನಾಗಿ ಕೂಡಿದವು.

ಅದೇ ಕಟಿಯಾವನ್ನು ಯುರೋಪಿನ ಏರ್‌ಬಸ್ ಕಂಪನಿಯೂ ಬಳಸಿತು. ಎರಡು ಅಂತಸ್ತಿನ ಎ380 ವಿಮಾನವೊಂದರಲ್ಲಿ 500 ಕಿಲೋಮೀಟರಿಗೂ ಹೆಚ್ಚು ವೈರು ಇದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ವೈರಿನ ಕಟ್ಟುಗಳನ್ನು ಒಳಗೆ ಹಾಕಿದ ಭಾಗಗಳು ಜೋಡಣೆಗಾಗಿ ಫ್ರಾನ್ಸಿನ ತುಲೂಸಿಗೆ ಬಂದವು. ಅಲ್ಲಿ ನೋಡಿದರೆ ತುದಿಗೆ ತುದಿ ಮುಟ್ಟದು! ಕಾರಣವೇನೆಂದರೆ ಹ್ಯಾಂಬರ್ಗಿನವರದು ಕಟಿಯಾದ ನಾಲ್ಕನೆಯ ಆವೃತ್ತಿ, ತುಲೂಸಿನವರದು ಐದನೆಯದು. ಒಂದರ ನಕಾಶೆ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. ಮೇಲಾಗಿ ತೂಕ ಉಳಿಸಲೆಂದು ಕೆಲವೆಡೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಹಾಕಿದ್ದರು. ಅದು ತಾಮ್ರದಷ್ಟು ಗಿಡ್ಡ ತಿರುವಿನಲ್ಲಿ ಬಾಗುವುದಿಲ್ಲ, ಪ್ರತಿ ತಿರುವಿನಲ್ಲೂ ಉದ್ದ ಹೆಚ್ಚು ಬೇಕು. ಇದನ್ನು ನಮ್ಮ ಅಂಗಡಿಯ ಹುಡುಗನೂ ಬಲ್ಲ.

ಗಿಡ್ಡಾದ ವೈರನ್ನು ಎಳೆದು ಉದ್ದ ಮಾಡಲು ಬರುತ್ತದೆಯೇ? ಕೆಲಸಗಾರರು ಕೈಯಿಂದಲೇ ಬಿಚ್ಚಿ ಮತ್ತೆ ಹಾಕಬೇಕಾಯಿತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸಿಗೆ ಸೇರಿದ್ದು 2007ರ ಅಕ್ಟೋಬರಿನಲ್ಲಿ, ಸುಮಾರು ಎರಡು ವರ್ಷ ತಡವಾಗಿ. 2010ರೊಳಗೆ ಲಾಭದಲ್ಲಿ 480 ಕೋಟಿ ಯೂರೋ ಕಡಿಮೆ ಬೀಳುವುದೆಂದು ಒಡೆಯ ಕಂಪನಿ 2006ರಲ್ಲೇ ಹೇಳಿತ್ತು. ಅದೇ ವರ್ಷ ಏರ್‌ಬಸ್ಸಿನ ಮುಖ್ಯಸ್ಥರೂ ಕುರ್ಚಿ ಬಿಟ್ಟರು.

ನಮ್ಮಲ್ಲೂ ಒಂದು ದೀಪಾವಳಿಗೆ ಅಂಗಡಿಯ ಖಾತೆವಹಿ ಮೀಟರಿನಲ್ಲಿ, ವಖಾರಿಯದು ಗಜದಲ್ಲಿ ಇತ್ತು. ತಾಳೆ ಹಾಕಲು ಹದಿನೈದು ದಿನ ಹಿಡಿಯಿತು, ತಮ್ಮನೊಡನೆ ಮಾತೂ ನಿಂತಿತ್ತು.

ಇಷ್ಟು ಹೇಳಿ ಮೊಮ್ಮಗನನ್ನು ಕೇಳಿದೆ: “ನಿನ್ನ ಗೆಳೆಯರ ಯಂತ್ರದಲ್ಲೂ ಇದೇ ಆವೃತ್ತಿ ಇದೆಯೇನೋ?” ಪಂಪು ತಿರುಗಿಸುವುದನ್ನು ಬಿಟ್ಟು ಫೋನು ಕೈಗೆತ್ತಿಕೊಂಡ.