ಮೋಟಾರು ಸೈಕಲ್ಲಿನ ಮೈಲೇಜು: ರೈತನು ಹಾಕಬೇಕಾದ ಲೆಕ್ಕ

ಜಾತ್ರೆಯಲ್ಲಿ ಎತ್ತು ಕೊಳ್ಳಹೋಗುವ ರೈತನು, ಅದು ದಿನಕ್ಕೆಷ್ಟು ಮೇವು ತಿನ್ನುವುದೆಂಬುದೊಂದನ್ನೇ ಕೇಳಿ ಹಗ್ಗ ಹಿಡಿದು ಮನೆಗೆ ಬರುವುದಿಲ್ಲ. ಹಲ್ಲು ನೋಡುವನು, ಗೊರಸು ನೋಡುವನು, ನಡೆಸಿ ನೋಡುವನು. ತನ್ನದು ಎರೆಭೂಮಿಯೋ ಕೆಂಪು ಭೂಮಿಯೋ ಎಂಬುದನ್ನು ನೆನೆದು ಬೆಲೆ ಕಟ್ಟುವನು. ಅದೇ ರೈತನು ಮೋಟಾರು ಸೈಕಲ್ಲಿನ ಅಂಗಡಿಯ ಮೆಟ್ಟಿಲು ಹತ್ತಿದಾಗ ಕೇಳುವ ಮೊದಲನೆಯ ಪ್ರಶ್ನೆಯೂ, ಬಹುಮಟ್ಟಿಗೆ ಕಡೆಯ ಪ್ರಶ್ನೆಯೂ, "ಮೈಲೇಜು ಎಷ್ಟು?" ಎಂಬುದೇ ಆಗಿದೆ. (ಮೈಲಿಯ ಲೆಕ್ಕವು ರಸ್ತೆಯ ಕಲ್ಲುಗಳಿಂದ ಮರೆಯಾಗಿ ಬಹುಕಾಲವಾದರೂ ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿದೆ.) ಪ್ರಶ್ನೆಯು ತಪ್ಪಲ್ಲ. ಆದರೆ ಅದರ ಜೊತೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಎಂದರೆ "ವರ್ಷಕ್ಕೆ ಓಡುವುದೆಷ್ಟು?" ಎಂಬುದನ್ನು ಕೇಳುವವರು ವಿರಳ.

ಈ ಮಾತಿಗೆ ಇಷ್ಟು ಬೆಲೆ ಬಂದುದಕ್ಕೆ ಕಾರಣವಿಲ್ಲದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ವರೆಗೆ ಹೊರಬಂದ ಜಾವಾ, ಯೆಜ್ಡಿ ವಾಹನಗಳು ಎರಡು ಹೊಡೆತದ ಎಂಜಿನ್ನಿನವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಇಂಥ ಎಂಜಿನ್ನಿನಲ್ಲಿ ಇಂಧನದ ಒಂದಂಶವು ಉರಿಯದೆಯೇ ಹೊಗೆಯೊಡನೆ ಹೊರಟುಹೋಗುವುದು. ಗಟ್ಟಿಮುಟ್ಟಾದ ಗಾಡಿಗಳೇನೋ ಹೌದು, ಆದರೆ ಹೊಟ್ಟೆಬಾಕತನವೂ ಅಷ್ಟೇ ಇತ್ತು. 1985ರಲ್ಲಿ ಹೀರೋ ಹೋಂಡಾ ಸಂಸ್ಥೆಯು ನೂರು ಸಿ.ಸಿ.ಯ ನಾಲ್ಕು ಹೊಡೆತದ ವಾಹನವನ್ನು ಮಾರಾಟಕ್ಕೆ ತಂದ ಮೇಲೆ ಜನರ ಎಣಿಕೆಯೇ ಬದಲಾಯಿತು. ಅಂದಿನ ವ್ಯತ್ಯಾಸವು ದೊಡ್ಡದು. ಇಂದು ಒಂದೇ ತರಗತಿಯ ಎರಡು ಹೊಸ ವಾಹನಗಳಿಗೆ ಇರುವ ವ್ಯತ್ಯಾಸವು ಅಷ್ಟಿಲ್ಲವೆಂಬುದನ್ನು ಮರೆಯಕೂಡದು.

ಲೆಕ್ಕವನ್ನು ನೋಡೋಣ. ಲೀಟರಿಗೆ 40 ಕಿಲೋಮೀಟರು ಓಡುವ ವಾಹನಕ್ಕೆ 1,000 ಕಿಲೋಮೀಟರಿಗೆ 25 ಲೀಟರು ಬೇಕು. 50 ಓಡುವುದಕ್ಕೆ 20 ಲೀಟರು. ಉಳಿತಾಯ 5 ಲೀಟರು. ಆದರೆ 60 ಓಡುವುದನ್ನು ಬಿಟ್ಟು 70 ಓಡುವುದನ್ನು ಕೊಂಡರೆ ಅಷ್ಟೇ ದಾರಿಗೆ ಉಳಿಯುವುದು ಎರಡೂವರೆ ಲೀಟರಿಗಿಂತಲೂ ಕಡಿಮೆ. ಹೆಚ್ಚಳವು ಎರಡು ಕಡೆಯೂ ಹತ್ತೇ, ಫಲ ಮಾತ್ರ ಅರ್ಧಕ್ಕೆ ಇಳಿಯಿತು. ಅಂಗಡಿಯವನು ಮೈಲೇಜಿನ ಅಂಕಿಯನ್ನು ಏರಿಸುತ್ತ ಹೋದಂತೆ ಬೆಲೆಯೂ ಏರುತ್ತಿದ್ದರೆ, ಕೊಳ್ಳುವವನು ಈ ಇಳಿಯುವ ಫಲವನ್ನು ಗಮನಿಸತಕ್ಕದ್ದು.

ಹಳೆಯ ವಾಹನವು 45, ಹೊಸದು 60 ಕಿಲೋಮೀಟರು ಕೊಡುವುದೆಂದೂ, ಪೆಟ್ರೋಲಿನ ಬೆಲೆ ಲೀಟರಿಗೆ 100 ರೂಪಾಯಿಯೆಂದೂ ಇಟ್ಟುಕೊಳ್ಳಬಹುದು. ತೋಟಕ್ಕೂ ಹಾಲಿನ ಡೈರಿಗೂ ವಾರದ ಸಂತೆಗೂ ಸೇರಿ ವರ್ಷಕ್ಕೆ 6,000 ಕಿಲೋಮೀಟರು ಓಡಿಸುವ ರೈತನಿಗೆ ಉಳಿಯುವುದು ಸುಮಾರು 3,300 ರೂಪಾಯಿ. ಇದಕ್ಕಾಗಿ ಅವನು 70,000 ರೂಪಾಯಿಗಳನ್ನು ನೂರಕ್ಕೆ 12ರ ಬಡ್ಡಿಯಲ್ಲಿ ಮೂರು ವರ್ಷದ ಕಂತಿಗೆ ಸಾಲ ತಂದನೆಂದರೆ ಬಡ್ಡಿಯೇ 13,700 ರೂಪಾಯಿಗಳ ಹತ್ತಿರವಾಗುವುದು. ನಾಲ್ಕು ವರ್ಷಗಳ ಪೆಟ್ರೋಲಿನ ಉಳಿತಾಯವು ಬಡ್ಡಿಯ ಬಾಯಿಗೇ ಹೋಯಿತು. ಅಸಲು ಹಾಗೆಯೇ ನಿಂತಿದೆ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಕಂತು ಕಾಯುವುದಿಲ್ಲ. ಆಗ ಮಾರಾಟಕ್ಕೆ ಹೋಗುವುದು ಕರೆಯುವ ಹಸು. ನೆಟ್ಟಗೆ ಓಡುತ್ತಿರುವ ಹಳೆಯ ವಾಹನವನ್ನು ಮೈಲೇಜಿನ ಆಸೆಯೊಂದಕ್ಕೇ ಮಾರುವುದು ಇಂಥವನಿಗೆ ಎಷ್ಟುಮಾತ್ರಕ್ಕೂ ಲಾಭಕರವಲ್ಲ. ಊರಿನ ಮುಖಂಡರು ಸಾಲದ ಕಾಗದಕ್ಕೆ ಜಾಮೀನು ನಿಲ್ಲುವ ಮುನ್ನ ಕೇಳಬೇಕಾದದ್ದು ಈ ಲೆಕ್ಕವನ್ನೇ.

ಆದರೆ ಬೆಳಗಿನ ಜಾವದಲ್ಲಿ ಸೊಪ್ಪು ತರಕಾರಿ ಹೊತ್ತು ಪಟ್ಟಣಕ್ಕೆ ಹೋಗಿ ಬರುವವನು ವರ್ಷಕ್ಕೆ 20,000 ಕಿಲೋಮೀಟರು ಓಡಿಸುವನು. ಅವನಿಗೆ ಅದೇ ವ್ಯತ್ಯಾಸದಿಂದ ಉಳಿಯುವುದು 11,000 ರೂಪಾಯಿಗಳಿಗೂ ಮಿಕ್ಕು. ಅವನ ಮಟ್ಟಿಗೆ ಮೈಲೇಜೇ ಮುಖ್ಯವೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಅಂಗಡಿಯಲ್ಲಿ ಹೇಳುವ ಅಂಕಿಯ ವಿಚಾರ. ಪುಣೆಯ ಎ.ಆರ್.ಎ.ಐ. ಮೊದಲಾದ ಸಂಸ್ಥೆಗಳಲ್ಲಿ ವಾಹನದ ಚಕ್ರವನ್ನು ಉರುಳೆಯ ಮೇಲೆ ಓಡಿಸಿ, ಗೊತ್ತುಪಡಿಸಿದ ವೇಗಗಳಲ್ಲಿ ಅಳೆಯುವರು. ವಾಹನಗಳನ್ನು ಒಂದಕ್ಕೊಂದು ಹೋಲಿಸಲು ಅದು ಸರಿಯಾದ ಕ್ರಮವೇ. ಆದರೆ ಆ ಉರುಳೆಯ ಮೇಲೆ ಕೊರಕಲಿಲ್ಲ, ಕೆಸರಿಲ್ಲ, ಹಿಂದುಗಡೆ 45 ಕಿಲೋಗ್ರಾಮಿನ ಯೂರಿಯಾ ಚೀಲವಿಲ್ಲ, ಅದರ ಮೇಲೊಬ್ಬ ಹುಡುಗ ಕುಳಿತಿಲ್ಲ. ಹೊಲದ ದಾರಿಯಲ್ಲಿ ಎರಡನೆಯ ಗೇರನ್ನು ದಾಟದೆ ಹೊರೆ ಎಳೆಯುವ ವಾಹನವು ಆ ಅಂಕಿಯನ್ನು ಮುಟ್ಟುವುದೆಂದು ನಂಬತಕ್ಕದ್ದಲ್ಲ. ಅಲ್ಲದೆ, ಮೈಲೇಜಿಗೆಂದು ತೀರ ಹಗುರವಾದ ವಾಹನವನ್ನು ಕೊಂಡು ಅದರ ಮೇಲೆ ಎರಡು ತುಂಬಿದ ಹಾಲಿನ ಕ್ಯಾನುಗಳನ್ನು ತೂಗಹಾಕಿದರೆ, ಎಂಜಿನ್ನು ಏದುಸಿರುಬಿಡುವುದು ಹಾಗಿರಲಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯದು. ಉಳಿದ ಪೆಟ್ರೋಲಿನ ಹಣವು ಮುರಿದ ಕಾಲಿಗೆ ಸಾಲದು. ಮೂರು ಕಿಲೋಮೀಟರು ದೂರದ ಹೊಲಕ್ಕೆ ಚೀಲ ಸಾಗಿಸುವವನಿಗೆ, ಕಾಲಿನ ಮುಂದೆ ಹೊರೆಯಿಡಲು ತಗ್ಗಾದ ಜಾಗವಿರುವ ಮೊಪೆಡ್ಡು ಅಂಕಿಗಳಲ್ಲಿ ಹಿಂದೆ ಬಿದ್ದರೂ ಕೆಲಸದಲ್ಲಿ ಮುಂದು.

ತನ್ನ ವಾಹನದ ನಿಜವಾದ ಮೈಲೇಜನ್ನು ತಿಳಿಯುವುದು ಸುಲಭ. ಟ್ಯಾಂಕನ್ನು ಒಂದು ಗುರುತಿನ ವರೆಗೆ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಇನ್ನೂರು ಮುನ್ನೂರು ಕಿಲೋಮೀಟರು ಎಂದಿನಂತೆ ಓಡಿಸಿ, ಪುನಃ ಅದೇ ಗುರುತಿಗೆ ತುಂಬಿಸಬೇಕು. ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸಿದರಾಯಿತು. ಅಂಕಿಯು ಹಿಂದಿನದಕ್ಕಿಂತ ಕೆಳಗಿಳಿದಿದ್ದರೆ ಟೈರಿನ ಗಾಳಿ, ಚೈನಿನ ಬಿಗಿ, ಸಡಿಲವಾಗದೆ ಚಕ್ರವನ್ನು ಉಜ್ಜುತ್ತಿರುವ ಬ್ರೇಕು, ದೂಳು ಕಟ್ಟಿದ ಗಾಳಿ ಸೋಸುಕ ಇವುಗಳನ್ನು ಮೊದಲು ನೋಡುವುದು. ಒಕ್ಕಣೆಯ ಕಾಲದಲ್ಲಿ ಹೊಟ್ಟಿನ ದೂಳಿನಲ್ಲಿ ಓಡಾಡಿದ ವಾಹನದ ಸೋಸುಕವನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ಬಿಚ್ಚಿಸಬೇಕು.

ಇತ್ತೀಚೆಗೆ ಮೈಲೇಜು ಇಳಿಯಿತೆಂಬ ದೂರಿಗೆ ಇನ್ನೊಂದು ಕಾರಣವೂ ಉಂಟು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಬೆರಕೆಯು ನೂರಕ್ಕೆ 20ಕ್ಕೆ ಮುಟ್ಟಿತು. ಒಂದು ಲೀಟರು ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಈ ಬೆರಕೆಗೆಂದು ಹೊಂದಿಸದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ನೂರಕ್ಕೆ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗವು 2021ರ ವರದಿಯಲ್ಲಿ ಅಂದಾಜು ಮಾಡಿತ್ತು. ಆ ಎಥನಾಲು ಕಬ್ಬಿನಿಂದಲೂ ಮುಸುಕಿನ ಜೋಳದಿಂದಲೂ ಆಗುವುದಾದುದರಿಂದ, ಬಂಕಿನಲ್ಲಿ ಹೋದದ್ದರಲ್ಲಿ ಒಂದಿಷ್ಟು ಗದ್ದೆಯ ಕಡೆಗೆ ಹಿಂದಿರುಗುವುದೆಂದು ಕಬ್ಬು ಬೆಳೆಯುವವರು ಸಮಾಧಾನಪಟ್ಟುಕೊಳ್ಳಬಹುದು. ರಾಗಿ ಬೆಳೆಯುವವರಿಗೆ ಆ ಸಮಾಧಾನವೂ ಇಲ್ಲ. ಎಥನಾಲು ನೀರನ್ನು ಹೀರುವ ಗುಣವುಳ್ಳದ್ದು. ಆದಕಾರಣ ಮಳೆಗಾಲದಲ್ಲಿ ವಾಹನವನ್ನು ಅರೆ ತುಂಬಿದ ಟ್ಯಾಂಕಿನೊಡನೆ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸದೆ ಆಗಾಗ್ಗೆ ಓಡಿಸುತ್ತಿರುವುದೂ, ಹಳೆಯ ವಾಹನಗಳಲ್ಲಿ ಪೆಟ್ರೋಲು ಹರಿಯುವ ರಬ್ಬರಿನ ಕೊಳವೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಬಿರುಕುಬಿಟ್ಟವನ್ನು ಬದಲಾಯಿಸುವುದೂ ಅವಶ್ಯ.