"ಮೈಯಾಗ ಆರಾಮಿಲ್ರಿ": ಆರೋಗ್ಯವಾಗಿದ್ದಾಗ ಸಿಕ್ ಲೀವ್ ಹಾಕುವುದು ತಪ್ಪೇ?

ಬೆಳಿಗ್ಗೆ ಏಳೂವರೆ. ಬೆಳಗಾವಿಯ ಒಂದು ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ: "ಸರ್, ಮೈಯಾಗ ಆರಾಮಿಲ್ರಿ, ಇವತ್ತೊಂದಿನ ಸೂಟಿ ಬೇಕಾಗಿತ್ರಿ." ಕೆಳಗೆ ನಾಲ್ಕೈದು 'ಬೇಗ ಹುಷಾರಾಗಿ' ಸ್ಟಿಕ್ಕರ್‌ಗಳು. ಮಧ್ಯಾಹ್ನದ ಹೊತ್ತಿಗೆ ಅದೇ ವ್ಯಕ್ತಿಯ ಸ್ಟೇಟಸ್‌ನಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡದ ಫೋಟೋ! ಇಂಥದ್ದನ್ನು ನೋಡದವರು ನಮ್ಮಲ್ಲಿ ಕಡಿಮೆ. ಮಾಡದವರು ಇನ್ನೂ ಕಡಿಮೆ.

ಈ ವಿಷಯದ ಬಗ್ಗೆ ಮೊಬೈಲಿನಲ್ಲಿ ಮುಖ್ಯವಾಗಿ ಮೂರು ಬಗೆಯ ಮಾತುಗಳು ಓಡಾಡುತ್ತವೆ. ಒಂದು, "ಸಿಕ್ ಲೀವ್ ನಿಮ್ಮ ಹಕ್ಕು, ವರ್ಷದ ಕೊನೆಗೆ ಉಳಿಸಿ ಕಳೆದುಕೊಳ್ಳಬೇಡಿ." ಎರಡು, "ಸುಳ್ಳು ಜ್ವರ ಅಂದರೆ ನಿಜ ಜ್ವರ ಬರುತ್ತೆ, ಹುಷಾರ್." ಮೂರು, "ಮನೆಯಲ್ಲೇ ಕೂತು ಮೆಡಿಕಲ್ ಸರ್ಟಿಫಿಕೇಟ್ ಪಡೆಯಿರಿ." ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಒಂದೊಂದಾಗಿ ನೋಡೋಣ.

ಮೊದಲು ಸುಲಭದ್ದು: ಅಸ್ತು ದೇವತೆಗಳು ತಥಾಸ್ತು ಅಂತಾರಾ?

ಮನೆಯ ಹಿರಿಯರು ಹೇಳುವ ಮಾತಿದು. ಕೆಟ್ಟದ್ದು ನುಡಿಯಬೇಡ, ಮೇಲೆ ಓಡಾಡುವ ಅಸ್ತು ದೇವತೆಗಳು 'ತಥಾಸ್ತು' ಅಂದುಬಿಡುತ್ತಾರೆ ಎಂದು. ಮಕ್ಕಳಿಗೆ ಸುಳ್ಳು ಹೇಳದಂತೆ ಕಲಿಸಲು ಇದು ಒಳ್ಳೆಯ ಮಾತೇ. ಆದರೆ ದೇಹ ಹಾಗೆ ಕೆಲಸ ಮಾಡುವುದಿಲ್ಲ. ಫ್ಲೂ ಬರಲು ಅದರ ವೈರಸ್ ದೇಹದೊಳಗೆ ಹೋಗಬೇಕು, ಡೆಂಗಿ ಬರಲು ಸೋಂಕು ಹೊತ್ತ ಸೊಳ್ಳೆ ಕಚ್ಚಬೇಕು. ನಾವು ಬಾಸ್‌ಗೆ ಏನು ಟೈಪ್ ಮಾಡಿದೆವು ಎಂಬುದು ಸೊಳ್ಳೆಗೆ ಗೊತ್ತಾಗುವುದಿಲ್ಲ.

ಹಾಗಾದರೆ "ನನಗೆ ಹಾಗೇ ಆಯ್ತು" ಎನ್ನುವವರು ಇರುತ್ತಾರಲ್ಲ? ವರ್ಷಕ್ಕೆ ನಾಲ್ಕು ಸಲ ಸುಳ್ಳು ಹೇಳಿದವರಿಗೆ, ಮಳೆಗಾಲದಲ್ಲಿ ಊರಿಗೆಲ್ಲ ಜ್ವರ ಬಂದಾಗ, ಒಂದು ಸಲವಾದರೂ ಕಾಕತಾಳೀಯವಾಗಿ ಜ್ವರ ಬರುತ್ತದೆ. ಆ ಒಂದು ಸಲ ನೆನಪಿನಲ್ಲಿ ಉಳಿಯುತ್ತದೆ, ಉಳಿದ ಮೂರು ಮರೆತುಹೋಗುತ್ತವೆ. ಸುಳ್ಳು ಹೇಳಿದ ಆತಂಕದಿಂದ ತಲೆನೋವು, ಹೊಟ್ಟೆ ತೊಳಸಿದಂತಾಗುವುದು ಸಾಧ್ಯ. ಆದರೆ ಮಾತಿನಿಂದ ಸೋಂಕು ಬರುವುದಿಲ್ಲ.

ಅಂದರೆ ದೇವತೆಗಳ ಭಯ ಬೇಕಿಲ್ಲ. ಆದರೆ ಈ ಸುಳ್ಳಿಗೆ ಬೆಲೆ ಇಲ್ಲ ಎಂದಲ್ಲ. ಆ ಬೆಲೆ ಯಾರು ಕೊಡುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

"ಸಿಕ್ ಲೀವ್ ನನ್ನ ಹಕ್ಕು": ಅರ್ಧ ನಿಜ

ಹೌದು, ಹಕ್ಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದನ್ನು ಕೊಟ್ಟಿದೆ. ಖಡೇಬಜಾರದ ಬಟ್ಟೆ ಅಂಗಡಿಯಾಗಲಿ, ಐಟಿ ಕಂಪನಿಯಾಗಲಿ, ಕಾಯಿಲೆ ಅಥವಾ ಅಪಘಾತದ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಸಿಗಬೇಕು. 'ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಟ್ಟರು' ಎನ್ನುವ ಮಾತೇ ಇಲ್ಲ.

ಆದರೆ ಇಲ್ಲಿ '12 ದಿನಗಳವರೆಗೆ' ಎಂಬುದನ್ನು ಗಮನಿಸಿ. ಇದು ಬ್ಯಾಂಕಿನ ಉಳಿತಾಯ ಖಾತೆಯಲ್ಲ, ವಿಮೆಯಂತೆ. ಈ ವರ್ಷ ಮನೆಗೆ ಬೆಂಕಿ ಬೀಳಲಿಲ್ಲ, ವಿಮೆ ಕಂತು ವ್ಯರ್ಥವಾಯಿತು ಎಂದು ಯಾರೂ ಅಳುವುದಿಲ್ಲ. ಬಳಸದ ಸಿಕ್ ಲೀವ್ ಕೂಡ ಹಾಗೇ. ಅದು ಕಳೆದುಹೋದ ಹಣವಲ್ಲ, ಆರೋಗ್ಯವಾಗಿ ಕಳೆದ ವರ್ಷ.

ಸ್ವಂತ ಕೆಲಸಕ್ಕೆ ಬೇರೆ ರಜೆ ಇದೆ. ಅಂಗಡಿ ಕಾಯ್ದೆಯಲ್ಲಿ 20 ದಿನ ದುಡಿದರೆ 1 ದಿನದಂತೆ ಗಳಿಕೆ ರಜೆ ಸೇರುತ್ತದೆ. ಸರ್ಕಾರಿ ನೌಕರರಿಗೆ ಸಾಂದರ್ಭಿಕ ರಜೆ, ಅಂದರೆ ನಾವೆಲ್ಲ ಹೇಳುವ ಸಿಎಲ್ ಇದೆ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆ ಮಾಡಿದಾಗ ಈ ಸಿಎಲ್ 15ರಿಂದ 10ಕ್ಕೆ ಇಳಿಯಿತು. ಮದುವೆ, ಜಾತ್ರೆ, ಬ್ಯಾಂಕ್ ಕೆಲಸ, ಮಗುವಿನ ಶಾಲೆ ಎಲ್ಲ ಈ ಹತ್ತರಲ್ಲೇ ಮುಗಿಯಬೇಕು. ಮುಗಿಯದಿದ್ದಾಗಲೇ 'ಮೈಯಾಗ ಆರಾಮಿಲ್ರಿ' ಶುರುವಾಗುವುದು.

ಉದ್ಯಮಬಾಗದ ಕಾರ್ಮಿಕರ ಲೆಕ್ಕ ಬೇರೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಲ್ಲಿ ದುಡಿಯುವ ಬಹಳಷ್ಟು ಜನರಿಗೆ ಕಾಯಿಲೆಯ ರಜೆ ಎಂದರೆ ಇಎಸ್‌ಐ. ಕಂಪನಿ ಅಲ್ಲ, ಇಎಸ್‌ಐ ನಿಗಮ ಹಣ ಕೊಡುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರಲ್ಲಿ ಬರುತ್ತಾರೆ. 2019ರ ಜುಲೈಯಿಂದ ಕಾರ್ಮಿಕರ ವಂತಿಗೆ ಶೇ 0.75, ಮಾಲೀಕರದ್ದು ಶೇ 3.25. ಸಂಬಳ 15,000 ಇದ್ದರೆ ನಿಮ್ಮ ಕೈಯಿಂದ ಹೋಗುವುದು 112 ರೂಪಾಯಿ 50 ಪೈಸೆ, ಮಾಲೀಕರ ಕಡೆಯಿಂದ 487 ರೂಪಾಯಿ 50 ಪೈಸೆ.

ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ದಿನಕ್ಕೆ 500 ದುಡಿಯುವವರಿಗೆ 350. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಾಗಾಗಿ ಇಲ್ಲಿ ಒಂದು ದಿನದ ಸುಳ್ಳು ರಜೆಯಿಂದ ಲಾಭವೇ ಇಲ್ಲ, ನಷ್ಟ. ವಾರಗಟ್ಟಲೆ ಸುಳ್ಳು ರಜೆ ಹಾಕಿದರೆ ಆ ಹಣ ಬರುವುದು ಪಕ್ಕದ ಮಷೀನಿನವರ 112 ರೂಪಾಯಿಯಿಂದ. ಅದಕ್ಕೇ 1948ರ ಇಎಸ್‌ಐ ಕಾಯ್ದೆ ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿತ್ತು. ಈಗ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದರೂ ಹಣ ಎಲ್ಲರದ್ದು ಎಂಬ ತತ್ವ ಬದಲಾಗಿಲ್ಲ.

"ಮನೆಯಲ್ಲೇ ಕೂತು ಸರ್ಟಿಫಿಕೇಟ್": ಇದನ್ನು ಮುಟ್ಟಬೇಡಿ

ಬಾಯಲ್ಲಿ 'ಹೊಟ್ಟೆನೋವು' ಎನ್ನುವುದು ಒಂದು ಹಂತ. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಕೊಡುವುದು ಇನ್ನೊಂದು ಹಂತ. ನಡುವಿನ ಗೆರೆ ದಪ್ಪವಾಗಿದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ, ಸುಳ್ಳು ಎಂದು ತಿಳಿದೂ ಪ್ರಮಾಣಪತ್ರಕ್ಕೆ ಸಹಿ ಹಾಕಿದ ವೈದ್ಯರ ಹೆಸರನ್ನು ನೋಂದಣಿ ಪಟ್ಟಿಯಿಂದಲೇ ತೆಗೆಯಬಹುದು. ಯಾವುದೋ ಆ್ಯಪ್‌ನಲ್ಲಿ ನಕಲಿ ಸೀಲು, ನಕಲಿ ಸಹಿ ಹಾಕಿಸಿಕೊಂಡರೆ ಅದು ಫೋರ್ಜರಿ. ಒಂದು ದಿನದ ಸೂಟಿಗೆ ಕೆಲಸವನ್ನೇ ಪಣಕ್ಕಿಟ್ಟಂತೆ. ಇನ್ನೊಂದು ಮಾತು: ಪರಿಚಯದ ಡಾಕ್ಟರಿಗೆ "ಒಂದು ಸಹಿ ಹಾಕ್ರಿ ಸಾಹೇಬ್ರ" ಎಂದು ಒತ್ತಾಯಿಸುವಾಗ ನಾವು ನಮ್ಮ ಸುಳ್ಳನ್ನು ಅವರ ತಲೆಗೆ ಕಟ್ಟುತ್ತಿದ್ದೇವೆ.

ಬೆಲೆ ಕೊಡುವವರು ಯಾರು? ಖಾನಾಪುರಕ್ಕೆ ಬನ್ನಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಚಿಕ್ಕ ಶಾಲೆಯನ್ನು ನೆನೆಸಿಕೊಳ್ಳಿ. ಅಲ್ಲಿ ಒಬ್ಬರು ಬರಲಿಲ್ಲ ಎಂದರೆ ಅರ್ಧ ಶಾಲೆ ಬಂದ್ ಆದಂತೆ. ದೊಡ್ಡ ಆಫೀಸಿನಲ್ಲಿ ಹತ್ತು ಜನರ ನಡುವೆ ಹಂಚಿಹೋಗುವ ಹೊರೆ ಇಲ್ಲಿ ಒಬ್ಬರ ಹೆಗಲಿಗೆ ಬೀಳುತ್ತದೆ. ಇದೇ ಸುಳ್ಳನ್ನು ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸ್, ಕಡೇ ಬಸ್ಸಿನ ಡ್ರೈವರ್ ಹೇಳಿದರೆ ಅದರ ಭಾರವೇ ಬೇರೆ.

ಈಗ ಇದೇ ತಾಲ್ಲೂಕಿನ ಭೀಮಗಡ ಅರಣ್ಯದೊಳಗಿನ ಗವಾಳಿ, ಕೊಂಗಳಾ, ಪಾಸ್ತೋಲಿಯಂಥ ಹಳ್ಳಿಗಳನ್ನು ನೋಡಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಗೆ ಬರುವುದೇ ಕಷ್ಟ. ಇಂಥ ಕಡೆಯಿಂದ ಕೆಲಸಕ್ಕೆ ಬರುವವರಿಗೆ ನಿಜವಾಗಿ ಜ್ವರ ಬಂತು ಎನ್ನಿ. "ಸುಳ್ಳು ರಜೆ ಜಾಸ್ತಿಯಾಗಿದೆ, ಇನ್ನು ಒಂದು ದಿನಕ್ಕೂ ಸರ್ಟಿಫಿಕೇಟ್ ಬೇಕು" ಎಂದು ಮಾಲೀಕರು ನಿಯಮ ಮಾಡಿದರೆ, ಆ ಜ್ವರದಲ್ಲೇ ಖಾನಾಪುರದ ದವಾಖಾನೆವರೆಗೆ ಬರಬೇಕಾದವರು ಯಾರು? ಸುಳ್ಳು ಹೇಳಿದವರಲ್ಲ, ನಿಜ ಹೇಳಿದವರು.

ನಮ್ಮ ತಂಡದಲ್ಲೇ ಒಬ್ಬರ ಅನುಭವ ಇದೆ. ಹಿಂದಿನ ಕೆಲಸದಲ್ಲಿ 'ಹೊಟ್ಟೆನೋವು' ಎಂದು ಹೇಳಿ ಅಕ್ಕನ ಮಗನ ಜವಳಕ್ಕೆ ಹೋಗಿದ್ದರು. ಫೋಟೋ ಹೇಗೋ ಮ್ಯಾನೇಜರ್ ಕೈ ಸೇರಿತು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಆ ದಿನ ಅವರ ಪಾಳಿಯನ್ನೂ ಸೇರಿಸಿ ದುಡಿದಿದ್ದ ಸಹೋದ್ಯೋಗಿಗೆ ಮುಂದಿನ ತಿಂಗಳು ಡೆಂಗಿ ಬಂತು. ರಜೆ ಕೇಳಿ ಫೋನ್ ಮಾಡಿದಾಗ ಕೇಳಿಬಂದ ಮೊದಲ ಮಾತು: "ನಿಮ್ದೂ ಹೊಟ್ಟೆನೋವೇನ್ರಿ?" ಈ ಲೇಖನ ಬರೆಯಬೇಕು ಎಂದು ನಮಗೆ ಅನಿಸಿದ್ದು ಆ ಮಾತಿನಿಂದ.

ತಪ್ಪು ಒಂದೇ ಕಡೆ ಇಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಜನ ಸುಳ್ಳು ಹೇಳುವುದು ಹಲವು ಸಲ ನಿಜ ಹೇಳಿದರೆ ರಜೆ ಸಿಗದ ಕಾರಣಕ್ಕೆ. "ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಬೇಕ್ರಿ" ಎಂದರೆ ಹತ್ತು ಪ್ರಶ್ನೆ, "ನನಗ ಜ್ವರ" ಎಂದರೆ ತಕ್ಷಣ ಓಕೆ ಎನ್ನುವ ಆಫೀಸು ತನ್ನ ನೌಕರರಿಗೆ ಸುಳ್ಳು ಹೇಳುವುದನ್ನು ತಾನೇ ಕಲಿಸುತ್ತಿದೆ.

ರಜೆ ಸಿಗದಿರುವುದು ಎಷ್ಟು ದೊಡ್ಡ ಸಿಟ್ಟಾಗಬಹುದು ಎಂಬುದನ್ನು ರಾಜ್ಯ 2016ರಲ್ಲಿ ನೋಡಿದೆ. ರಜೆ, ದೀರ್ಘ ಪಾಳಿ, ಸಂಬಳದ ವಿಷಯಕ್ಕೆ ಪೊಲೀಸ್ ಸಿಬ್ಬಂದಿ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಮುಂದಾಗಿದ್ದರು. ಸರ್ಕಾರ ತಡೆಯಿತು, ಅಂದುಕೊಂಡ ಮಟ್ಟದಲ್ಲಿ ಅದು ನಡೆಯಲಿಲ್ಲ. ಆದರೆ ಅವರು ಬೇಡಿಕೆಯನ್ನು ಬಹಿರಂಗವಾಗಿಯೇ ಹೇಳಿದ್ದರು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬಹಳಷ್ಟು ಕ್ಯಾಬಿನ್ ಸಿಬ್ಬಂದಿ ಒಟ್ಟಿಗೆ 'ಹುಷಾರಿಲ್ಲ' ಎಂದಾಗ ಹತ್ತಾರು ವಿಮಾನಗಳು ರದ್ದಾದವು. 25 ಜನರನ್ನು ಕೆಲಸದಿಂದ ತೆಗೆದು, ಮಾತುಕತೆಯ ನಂತರ ಆ ಆದೇಶ ಹಿಂಪಡೆಯಲಾಯಿತು. ಬೇಡಿಕೆ ನ್ಯಾಯವೋ ಅಲ್ಲವೋ ಎಂಬ ಚರ್ಚೆಗಿಂತ 'ಕಾಯಿಲೆ ನಿಜವೋ ಸುಳ್ಳೋ' ಎಂಬ ಚರ್ಚೆಯೇ ಜೋರಾಯಿತು. ಸುಳ್ಳು ಕಾರಣದ ತೊಂದರೆಯೇ ಇದು. ಒಳಗಿನ ನಿಜವಾದ ದೂರನ್ನೂ ಅದು ಮುಚ್ಚಿಬಿಡುತ್ತದೆ.

ಮನಸ್ಸು ದಣಿದರೆ ಅದು ಕಾಯಿಲೆಯೇ?

ಹಲವರ ಪ್ರಶ್ನೆ ಇದು: "ಜ್ವರ ಇಲ್ಲ, ಆದರೆ ಎದ್ದು ಹೋಗುವ ಶಕ್ತಿಯೇ ಇಲ್ಲ. ಸಿಕ್ ಲೀವ್ ಹಾಕಿದರೆ ಸುಳ್ಳೇ?" ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಎಂಬುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು, ಆದರೆ ಅದನ್ನು ಕಾಯಿಲೆ ಎಂದು ವರ್ಗೀಕರಿಸಲಿಲ್ಲ. ಖಿನ್ನತೆ, ಆತಂಕದ ಸಮಸ್ಯೆ ಮಾತ್ರ ಜ್ವರದಷ್ಟೇ ನಿಜವಾದ ಕಾಯಿಲೆಗಳು. ಅದಕ್ಕೆ ರಜೆ ಹಾಕುವುದು ಸುಳ್ಳಲ್ಲ. ನಿದ್ದೆ ಇಲ್ಲದೆ ವಾರಗಳಾಗಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ರಜೆಯ ಜೊತೆಗೆ ವೈದ್ಯರನ್ನೂ ನೋಡಿ. ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಇದಕ್ಕೆ ಚಿಕಿತ್ಸೆ ಇದೆ.

ಕೆಲವು ಕಾಯಿಲೆ, ನೋವುಗಳನ್ನು ಬಾಸ್ ಮುಂದೆ ವಿವರಿಸುವುದು ಮುಜುಗರ. 'ಆರಾಮಿಲ್ರಿ' ಎಂದಷ್ಟೇ ಹೇಳುವುದು ಸುಳ್ಳಲ್ಲ, ಅದು ಖಾಸಗಿತನ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮಹಿಳಾ ನೌಕರರಿಗೆ ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಬ್ರಿಟನ್ನಿನಲ್ಲಿ 7 ದಿನಗಳವರೆಗಿನ ಕಾಯಿಲೆಗೆ ನೌಕರರ ಮಾತೇ ಸಾಕು, ವೈದ್ಯರ ಚೀಟಿ ಬೇಕಿಲ್ಲ. ಇಂಥ ವ್ಯವಸ್ಥೆ ನಿಲ್ಲುವುದು ಒಂದೇ ಆಧಾರದ ಮೇಲೆ, ಅದು ನಂಬಿಕೆ.

ಉಲ್ಟಾ ತಪ್ಪು: ಜ್ವರದಲ್ಲೂ ಡ್ಯೂಟಿಗೆ ಹೋಗುವುದು

"ನಾನು ಹತ್ತು ವರ್ಷದಲ್ಲಿ ಒಂದು ಸಿಕ್ ಲೀವ್ ಹಾಕಿಲ್ಲ" ಎಂದು ಹೆಮ್ಮೆಪಡುವವರೂ ಇದ್ದಾರೆ. ನಿಜವಾಗಿ ಆರೋಗ್ಯವಾಗಿದ್ದರೆ ಸಂತೋಷ. ಆದರೆ ಫ್ಲೂ ಹೆಚ್ಚು ಹರಡುವುದು ಕಾಯಿಲೆಯ ಮೊದಲ ಮೂರು ನಾಲ್ಕು ದಿನಗಳಲ್ಲಿ. ಕೆಮ್ಮುತ್ತಾ ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ನಿಂತುಕೊಂಡು ಬಂದು, ಎಸಿ ರೂಮಿನಲ್ಲಿ ಕೂತರೆ ಅದು ನಿಷ್ಠೆಯಲ್ಲ, ಹರಡುವಿಕೆ. ಖಾನಾಪುರದ ಹೆಂಚು, ಇಟ್ಟಿಗೆ ಭಟ್ಟಿಗಳಲ್ಲಿ ದಿನಗೂಲಿಗೆ ದುಡಿಯುವ ಬಹಳಷ್ಟು ಜನ ಹೀಗೇ ಬರುತ್ತಾರೆ. ಅದಕ್ಕೆ ಕಾರಣ ಹೆಮ್ಮೆಯಲ್ಲ, ಅವರಿಗೆ ಸಂಬಳದ ರಜೆಯೇ ಇಲ್ಲ. ನಾವು ಜಾತ್ರೆಗೆ ಖರ್ಚು ಮಾಡುವ ಸಿಕ್ ಲೀವ್ ಅವರಿಗೆ ಕನಸು.

ಮೆಸೇಜ್ ಕಳಿಸುವ ಮುಂಚೆ ಮೂರು ಪ್ರಶ್ನೆ

ಒಂದು: ಇದೇ ದಿನಕ್ಕೆ ಸಿಎಲ್ ಅಥವಾ ಗಳಿಕೆ ರಜೆಯನ್ನು ನಿಜ ಕಾರಣ ಹೇಳಿ ಕೇಳಬಹುದೇ? ಎರಡು: ನಾನಿಲ್ಲದ ದಿನ ನನ್ನ ಕೆಲಸ ಯಾರ ಮೇಲೆ ಬೀಳುತ್ತದೆ, ಅವರಿಗೆ ನಿಜ ಗೊತ್ತಾದರೆ ನಾನು ಮುಖ ತೋರಿಸಬಹುದೇ? ಮೂರು: ಎಲ್ಲರೂ ಹೀಗೇ ಮಾಡಿದರೆ, ನನಗೆ ನಿಜವಾಗಿ ಹುಷಾರಿಲ್ಲದ ದಿನ ನನ್ನನ್ನು ಯಾರು ನಂಬುತ್ತಾರೆ?

ಮಾಲೀಕರು, ಮ್ಯಾನೇಜರುಗಳಿಗೂ ಒಂದು ಪ್ರಶ್ನೆ: ನಿಮ್ಮಲ್ಲಿ ನಿಜ ಹೇಳಿದವರಿಗೆ ರಜೆ ಸಿಗುತ್ತದೆಯೇ?

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ

ಸಿಕ್ ಲೀವ್ ಹಕ್ಕು ಎಂಬುದು ನಿಜ, ಉಳಿದರೆ ನಷ್ಟ ಎಂಬುದು ತಪ್ಪು. ಸುಳ್ಳು ಜ್ವರದಿಂದ ನಿಜ ಜ್ವರ ಬರುತ್ತದೆ ಎಂಬುದು ಸುಳ್ಳು. ನಕಲಿ ಸರ್ಟಿಫಿಕೇಟ್ ಅಪಾಯ. ಹುಷಾರಿಲ್ಲದಿದ್ದರೆ, ದೇಹವಾಗಲಿ ಮನಸ್ಸಾಗಲಿ, ಅಳುಕಿಲ್ಲದೆ ರಜೆ ಹಾಕಿ. ಜಾತ್ರೆಗೆ ಹೋಗುವುದಿದ್ದರೆ ಜಾತ್ರೆ ಎಂದೇ ಕೇಳಿ ನೋಡಿ. ನಿಮ್ಮ ಆಫೀಸಿನ ಯಾರೋ ಒಬ್ಬರಿಗೆ ನಾಳೆ ನಿಜವಾಗಿ ಮೈಯಲ್ಲಿ ಆರಾಮಿರುವುದಿಲ್ಲ. ಆಗ ಅವರು ಅಷ್ಟೇ ಹೇಳಿದರೆ ಸಾಕಾಗಬೇಕು.